ಎರಡು ಹೂಂ, ಒಂದೇ ಬಾಯಿ

ಹವಾಮಾನ ಕಚೇರಿಯ ಮೂರನೇ ಮಹಡಿಯಲ್ಲಿ, ಕಡಲ ಕಡೆಗಿನ ಕಿಟಕಿಯ ಪಕ್ಕ ಕೂರುವ ಆ ಹೆಂಗಸಿಗೆ ಎಲ್ಲರೂ ಸೇರಿ ಇಟ್ಟ ಹೆಸರು ಬಾಗಿಲಮ್ಮ. ಬಾಗಿಲು ಎಂದರೆ ಮರದ್ದಲ್ಲ. ದೂರದ ದ್ವೀಪದಲ್ಲಿ ಕಚೇರಿಯದೊಂದು ಪುಟ್ಟ ಕೇಂದ್ರವಿದೆ; ಗಾಳಿ, ಅಲೆ ಅಳೆಯುವುದು ಅದರ ಕೆಲಸ. ಅಲ್ಲಿಗೂ ಇಲ್ಲಿಗೂ ಉಪಗ್ರಹದ ಮೂಲಕ ಒಂದು ನೆಟ್‌ವರ್ಕ್ ದಾರಿ. ಬೇಕಾದಾಗ ತೆರೆಯುತ್ತದೆ, ಬೇಡವಾದಾಗ ಮುಚ್ಚುತ್ತದೆ, ತೆರೆದಿದ್ದಷ್ಟು ಹೊತ್ತೂ ದುಡ್ಡು ನುಂಗುತ್ತದೆ. ಯಾವ ಮಾತಿಗೆ ಅದು ತೆರೆಯಬೇಕು, ಯಾವುದಕ್ಕೆ ಕೂಡದು ಎಂದು ನಿಯಮ ಬರೆಯುವವಳು ಇವಳು. ಆ ದ್ವೀಪದಲ್ಲಿ ಆರು ತಿಂಗಳ ಪಾಳಿಗೆ ಒಬ್ಬಳೇ ಹೋಗಿ ಕೂತಿದ್ದವಳು ಇವಳ ಒಡಹುಟ್ಟಿದ ತಂಗಿ.

ದಾರಿಯ ಎರಡು ತುದಿಯಲ್ಲೂ ಒಂದೊಂದು ಯಂತ್ರದ ಪೆಟ್ಟಿಗೆ. ಅವೇನು ಸುಮ್ಮನಿರುವ ಜಾತಿಯೇ! ಹತ್ತು ಸೆಕೆಂಡಿಗೊಮ್ಮೆ ಒಂದು "ಇದ್ದೀಯಾ?" ಅನ್ನಬೇಕು, ಇನ್ನೊಂದು "ಹೂಂ" ಅನ್ನಬೇಕು. ಈ ಹೂಂಗಾಗಿ ದಾರಿ ಹಗಲೂ ರಾತ್ರಿ ತೆರೆದೇ ಇರುತ್ತಿತ್ತು. ತಿಂಗಳ ಬಿಲ್ಲು ನೋಡಿ ಸಾಹೇಬರು ಹೌಹಾರಿದರು.

"ಈ ಪೆಟ್ಟಿಗೆಗಳ ಕ್ಷೇಮಸಮಾಚಾರಕ್ಕೆ ನಾನು ಕಚೇರಿ ಮಾರ್ಬೇಕೇನಮ್ಮಾ? ಏನಾದ್ರೂ ಮಾಡು!"

ಅವಳು ಕಿಟಕಿಯಾಚೆ ನೋಡುತ್ತ ಕೂತಳು. ಮಧ್ಯಾಹ್ನದ ಬಿಸಿಲು ನೀರಿನ ಮೇಲೆ ತೂಕಡಿಸುತ್ತಿತ್ತು. ಹಾಗೆ ಕೂತವಳಿಗೆ ಅಮ್ಮನ ಹೊಲಿಗೆ ಮೆಷೀನಿನ ಸದ್ದು ಕೇಳಿಸಿತು. ಅಮ್ಮ ಬಟ್ಟೆ ಹೊಲಿಯುವವಳು. ಮಧ್ಯಾಹ್ನ ಇಬ್ಬರು ಮಕ್ಕಳನ್ನೂ ಬೆನ್ನ ಹಿಂದಿನ ಚಾಪೆಯಲ್ಲಿ ಮಲಗಿಸಿ, ಮೆಷೀನು ತುಳಿಯುತ್ತಲೇ ಕತೆ ಹೇಳುತ್ತಿದ್ದಳು. ತಿರುಗಿ ನೋಡಲು ಅವಳಿಗೆಲ್ಲಿ ಪುರುಸೊತ್ತು? ಇಬ್ಬರೂ ಹೂಂಗುಟ್ಟಬೇಕು, ಒಂದು ಹೂಂ ನಿಂತರೆ ಕತೆಯೂ ನಿಂತಿತು. ತಂಗಿಯೋ, ರಾಜ ಕುದುರೆ ಹತ್ತುವಷ್ಟರಲ್ಲಿ ನಿದ್ದೆಗೆ ಜಾರಿರುತ್ತಿದ್ದಳು. ಕತೆಯ ಆಸೆಗೆ ಅಕ್ಕನೇ ಎರಡೂ ಹೂಂ ಹೇಳುತ್ತಿದ್ದಳು, ಒಂದು ದಪ್ಪ ದನಿಯಲ್ಲಿ, ಒಂದು ಸಣ್ಣ ದನಿಯಲ್ಲಿ.

ಅಷ್ಟೇ ಸಾಕಲ್ಲ! ಸಂಜೆಯೊಳಗೆ ಕೆಲಸ ಮುಗಿಯಿತು. ಇನ್ನು ದ್ವೀಪದ ಪರವಾಗಿ ಈಚೆಯ ಪೆಟ್ಟಿಗೆಯೇ "ಹೂಂ" ಅನ್ನುತ್ತದೆ, ಕಚೇರಿಯ ಪರವಾಗಿ ಆಚೆಯದು ಅನ್ನುತ್ತದೆ. ದಾರಿ ಮಲಗಿರುತ್ತದೆ. ಗಾಳಿ ಬದಲಾದರೆ ಅಥವಾ ಯಾರಾದರೂ ಪತ್ರ ಬರೆದರೆ ಮಾತ್ರ ಎದ್ದು ತೆರೆದುಕೊಳ್ಳುತ್ತದೆ. ಬಿಲ್ಲು ಕಾಲುಭಾಗಕ್ಕೆ ಇಳಿಯಿತು. ಸಾಹೇಬರು ಅವಳ ಮೇಜಿನ ತನಕ ನಡೆದು ಬಂದು "ಭೇಷ್" ಅಂದರು. ಅವಳಿಗೂ ಸ್ವಲ್ಪ ಜಂಬ ಬಂದಿತ್ತು, ಸುಳ್ಳೇಕೆ.

ಆಮೇಲೆ ಒಂದು ವಾರ ಗಾಳಿಯೇ ಇಲ್ಲ. ಕಡಲು ಇಸ್ತ್ರಿ ಮಾಡಿದ ಹಾಗೆ ಮಲಗಿತ್ತು. ಎದುರಿನ ಬೋರ್ಡಿನ ಮೇಲೆ, ಹೂಂ ಬರುತ್ತಿದೆಯೆಂದು ತೋರಿಸುವ ದ್ವೀಪದ ಹಸಿರು ದೀಪ ನೆಮ್ಮದಿಯಾಗಿ ಉರಿಯುತ್ತಿತ್ತು. ಅದನ್ನೇ ನೋಡುತ್ತ ಅವಳು, ತಂಗಿ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಪಾದದ ಕೆಳಗೆ ಮೀನು ಓಡಾಡುತ್ತಿವೆ ಎಂದೆಲ್ಲ ಕಲ್ಪಿಸಿಕೊಂಡು ಅರ್ಧ ಕನಸಿನಲ್ಲೇ ದಿನ ಕಳೆದಳು. ಸೋಮವಾರ ಬಂತು. ಸೋಮವಾರ ತಪ್ಪದೆ ಬರುವ ತಂಗಿಯ ಪತ್ರ ಬರಲಿಲ್ಲ.

"ಸೋಮಾರಿ," ಎಂದುಕೊಂಡಳು. ಸಂಜೆಗೆ ಆ ಮಾತು ನಾಲಿಗೆಯ ಮೇಲೆ ಕಹಿಯಾಯಿತು. ಸುಮ್ಮನೆ ಪೆಟ್ಟಿಗೆಯನ್ನು ಕೇಳಿದಳು: ಇದ್ದೀಯಾ? ಕೇಳಿ ಮುಗಿಯುವ ಮೊದಲೇ ಉತ್ತರ ಬಂತು: ಹೂಂ. ದ್ವೀಪದಿಂದ ಬರುವ ಮಾತು ಆಕಾಶ ಹತ್ತಿ ಇಳಿಯಬೇಕು, ಒಂದು ಉಸಿರಿನಷ್ಟಾದರೂ ತಡವಾಗಬೇಕು. ಇದು ತಡವಾಗಲೇ ಇಲ್ಲ. ಅವಳೇ ಕಲಿಸಿದ ಹಾಗೆ, ಈಚೆಯ ಪೆಟ್ಟಿಗೆ ಹೂಂ ಅಂದಿತ್ತು.

ಅಮ್ಮ ಅವಳನ್ನು ಹಿಡಿದದ್ದು ಹೇಗೆಂದು ನೆನಪಾಯಿತು. ಒಂದು ದಿನ ಕತೆಯ ನಡುವೆ ಅಮ್ಮ, "ರಾಜ ಆನೆಯನ್ನ ಮಡಚಿ ಜೇಬಿಗೆ ಹಾಕ್ಕೊಂಡ," ಅಂದಿದ್ದಳು. ಅಕ್ಕ ದಪ್ಪಗೊಮ್ಮೆ, ಸಣ್ಣಗೊಮ್ಮೆ ಹೂಂ ಅಂದಳು. ಮೆಷೀನು ನಿಂತಿತು. "ಎರಡು ಹೂಂ, ಒಂದೇ ಬಾಯಿ! ಕಳ್ಳಿ!" ಎಂದು ಅಮ್ಮ ನಕ್ಕಿದ್ದಳು. ಅಂದಿನಿಂದ ಆನೆಯ ಹೆಸರೆತ್ತಿದರೆ ತಂಗಿ ನಿದ್ದೆಗಣ್ಣಲ್ಲೂ "ಸುಳ್ಳೂ!" ಎಂದು ಕೂಗುತ್ತಿದ್ದಳು.

ಅವಳು ಬರೆದಳು: ರಾಜ ಆನೆಯನ್ನ ಮಡಚಿ ಜೇಬಿಗೆ ಹಾಕ್ಕೊಂಡ. ಕಳಿಸಿದಳು. ದಾರಿ ತೆರೆಯಲು ಹೊರಟಿತು, ತಡವರಿಸಿತು, ಮತ್ತೆ ಹೊರಟಿತು. ತೆರೆಯಲಿಲ್ಲ. ಸಾಹೇಬರ ಕೋಣೆಗೆ ಓಡಿದಳು.

"ಹಸಿರು ದೀಪ ಇದೆಯಲ್ಲಮ್ಮಾ, ಮತ್ತೇನು?"

"ಸಾರ್, ಅದು ಅವಳಲ್ಲ. ಆ ಹೂಂ ನಾನು ಬರೆದಿದ್ದು. ಅವಳು ಇದ್ದಾಳೋ ಇಲ್ವೋ ನಮಗೆ ಗೊತ್ತೇ ಇಲ್ಲ. ದೋಣಿ ಕಳಿಸಿ ಸಾರ್, ನಿಮ್ಮ ದಮ್ಮಯ್ಯ."

ಸಾಹೇಬರು ಅವಳ ಮುಖ ನೋಡಿದರು. ಬಂದರಿಗೆ ಫೋನು ಹಚ್ಚಿದರು.

ಮರುದಿನ ಮಧ್ಯಾಹ್ನದವರೆಗೆ ಅವಳು ಕುರ್ಚಿ ಬಿಟ್ಟೇಳಲಿಲ್ಲ. ಹಸಿರು ದೀಪ ಉರಿಯುತ್ತಲೇ ಇತ್ತು, ಹಾಳಾದ್ದು. ಕೊನೆಗೆ ನೋಡಲಾರದೆ ಅದರ ಮೇಲೆ ಕರವಸ್ತ್ರ ಹೊದಿಸಿದಳು. ಮೂರು ಗಂಟೆಗೆ ದಾರಿ ತೆರೆಯಿತು. ಕಾದು ಕುಳಿತಿದ್ದ ಆನೆ ಹೊರಟುಹೋಯಿತು. ಒಂದು ಉಸಿರು. ಇನ್ನೊಂದು ಉಸಿರು.

ಸುಳ್ಳೂ!

ಅವಳು ಮೇಜಿಗೆ ಹಣೆಯಿಟ್ಟು ಗಳಗಳ ಅತ್ತುಬಿಟ್ಟಳು. ದೋಣಿಯವನು ಎರಡು ಸಾಲು ಬರೆದ: ಡಿಶ್ಶಿನ ತಂತಿ ಕಿತ್ತುಹೋಗಿತ್ತು, ಈಗ ಸೇರಿಸಿದ್ದೇವೆ, ಅದನ್ನು ಸರಿಮಾಡಲು ಹತ್ತಿದವಳು ಜಾರಿ ಬಿದ್ದು ಕಾಲು ಮುರಿದುಕೊಂಡಿದ್ದಾಳೆ, ವೈರ್‌ಲೆಸ್ ನೀರಿಗೆ ಬಿದ್ದಿದೆ, ಜೀವಕ್ಕೇನೂ ಭಯವಿಲ್ಲ, ಕಟ್ಟು ಹಾಕಿದ್ದೇವೆ, ನೋವು ಸ್ವಲ್ಪ ಇಳಿದ ಮೇಲೆ ಕರೆತರುತ್ತೇವೆ. ಅದರ ಹಿಂದೆಯೇ, ನಾಲ್ಕು ದಿನದಿಂದ ಆಚೆಯ ಪೆಟ್ಟಿಗೆಯಲ್ಲಿ ಕಾದು ಕೂತಿದ್ದ ತಂಗಿಯ ಪತ್ರಗಳು ಒಂದರ ಮೇಲೊಂದು ಬಂದವು. ಮೊದಲನೆಯದು ಹೀಗಿತ್ತು:

"ಅಕ್ಕಾ, ಕಾಲು ಮುರಿದಿದೆ. ಹೇಗೋ ತೆವಳಿಕೊಂಡು ಒಳಗೆ ಬಂದೆ. ದೋಣಿ ಕಳಿಸು. ನಿನ್ನ ದೀಪ ಹಸಿರಾಗಿದೆ, ಅಂದ್ರೆ ತಂತಿ ಸರಿಯಾಗಿ ಕೂತಿದೆ, ನೀನು ಹೂಂ ಅಂತಿದ್ದೀಯ. ಅಂದ್ಮೇಲೆ ಬರ್ತಾರೆ ಬಿಡು. ಸ್ವಲ್ಪ ಮಲಗ್ತೀನಿ."

ಅದನ್ನು ಅವಳು ಎಷ್ಟು ಸಲ ಓದಿದಳೋ! ಆಮೇಲೆ ಕಣ್ಣೊರೆಸಿಕೊಂಡು, ತಾನೇ ಬರೆದ ಆ ನಿಯಮವನ್ನು ಅಳಿಸಿದಳು. ಕತೆ ಶುರುಮಾಡಿದಳು. ಒಬ್ಬ ರಾಜ ಇದ್ದ. ಒಂದು ಉಸಿರು ತಡವಾಗಿ ಬಂತು: ಹೂಂ. ಅವನಿಗೊಂದು ಕುದುರೆ ಇತ್ತು. ಹೂಂ.

ಸಾಹೇಬರು ಬಾಗಿಲಲ್ಲಿ ನಿಂತು ಬೋರ್ಡು ನೋಡಿದರು. ದಾರಿ ತೆರೆದು ಅರ್ಧ ಗಂಟೆಯ ಮೇಲಾಗಿತ್ತು.

"ಏನು ಹೋಗ್ತಿದೆಯಮ್ಮಾ ಅಷ್ಟು ಹೊತ್ತಿಂದ?"

"ಏನೂ ಇಲ್ಲ ಸಾರ್," ಅವಳು ತಿರುಗದೆ ಹೇಳಿದಳು. "ಹೂಂ ಅಂತಿದ್ದಾಳೆ."

ಸಾಹೇಬರು ಹೊರಗಿನ ಸದ್ದು ಕೇಳದಿರಲೆಂದು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.