ಈ ಗಿರಣಿಯಲ್ಲಿ ಆರಾಮ ಕೇಳಬಾರದು

ನನ್ನ ಯಜಮಾನರು ‘ಆರಾಮಿಲ್ಲ’ ಎಂದ ದಿನ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ. ಹಿಟ್ಟು ಮೆತ್ತಿದ ಕೈಯಲ್ಲೇ ಹಂಚಿದೆ. ಕೈಗೆ ಬಿದ್ದದ್ದು ಸಕ್ಕರೆಯೋ ಜೋಳದ ಹಿಟ್ಟೋ ಎಂದು ಒಂದಿಬ್ಬರು ನೆಕ್ಕಿ ನೋಡಿಯೇ ತಿಳಿದುಕೊಂಡರು. ಮೊದಲಿನಿಂದ ಹೇಳದಿದ್ದರೆ ನನಗೆ ತಲೆ ಕೆಟ್ಟಿತ್ತೆಂದು ನೀವೂ ಅಂದುಕೊಳ್ಳುತ್ತೀರಿ.

ನಮ್ಮದು ನವಲಗುಂದ ತಾಲೂಕಿನ ಎರೆಮಣ್ಣಿನ ಊರು. ತಿರ್ಲಾಪುರ ನಮಗೆ ದೂರವೇನಲ್ಲ. ಮನೆಗೆ ಅಂಟಿಕೊಂಡೇ ಹಿಟ್ಟಿನ ಗಿರಣಿ ಇದೆ. ಅದನ್ನು ನಡೆಸುತ್ತಿದ್ದವರು ಯಜಮಾನರು. ಉದುರುವ ಹಿಟ್ಟನ್ನು ಬಲಗೈಯ ಹೆಬ್ಬೆರಳು, ತೋರುಬೆರಳಿನ ನಡುವೆ ಒಮ್ಮೆ ತಿಕ್ಕಿ ನೋಡಿದರೆ ಸಾಕು, ರೊಟ್ಟಿ ತೆಳ್ಳಗೆ ಬರುತ್ತದೋ ಅಂಚು ಹರಿಯುತ್ತದೋ ಹೇಳಿಬಿಡುತ್ತಿದ್ದರು. ಗಂಟಲೂ ಹಾಗೇ ಇತ್ತು, ಗಿರಣಿಯ ಸದ್ದನ್ನು ದಾಟಿ ಬಸ್‌ಸ್ಟ್ಯಾಂಡಿನವರೆಗೆ ಕೇಳುವಂಥದ್ದು.

ಹೋದ ವರ್ಷ ಬೇಸಿಗೆಯ ಒಂದು ಮುಂಜಾನೆ ಅವರ ಕೈಯಿಂದ ಚಹಾದ ಕಪ್ಪು ಜಾರಿತು. ಬೈಯಬೇಕೆಂದು ತಿರುಗಿದೆ. ಬಾಯಿ ಒಂದು ಬದಿಗೆ ವಾಲಿತ್ತು. ‘ಲಕ್ವಾ ಹೊಡದೈತಿ, ಎತ್ರಿ ಮೊದಲ’ ಎಂದು ಬಾಜೂ ಮನೆಯವರು ಜೀಪಿಗೆ ಹಾಕಿ ಹುಬ್ಬಳ್ಳಿಗೆ ಒಯ್ದರು. ಜೀವ ಉಳಿಯಿತು. ಹನ್ನೊಂದು ದಿನ ಬಿಟ್ಟು ಮನೆಗೆ ಬಂದಾಗ ಬಲಗಾಲು ಎಳೆಯುತ್ತಿತ್ತು, ಬಲಗೈ ಜೋತುಬಿದ್ದಿತ್ತು. ಅಷ್ಟೊಂದು ಮಾತಿನಲ್ಲಿ ಒಂದೇ ಒಂದು ಮಾತು ಉಳಿದಿತ್ತು: ‘ಆರಾಮ’.

ನಮ್ಮ ಕಡೆ ಇಬ್ಬರು ಎದುರಾದರೆ ಮೊದಲ ಮಾತು ಅದೇ. ಒಬ್ಬರು ‘ಆರಾಮ?’ ಅನ್ನುತ್ತಾರೆ, ಇನ್ನೊಬ್ಬರು ‘ಆರಾಮ್ರಿ’ ಅನ್ನುತ್ತಾರೆ. ಕಾಲು ಮುರಿದುಕೊಂಡವರೂ ಮೊದಲು ಆರಾಮ ಎಂದು ಹೇಳಿಯೇ ಆಮೇಲೆ ಕಾಲು ತೋರಿಸುವುದು. ನೋಡಲು ಬಂದವರೆಲ್ಲ ಅದನ್ನೇ ಕೇಳಿದರು. ಇವರೂ ಅದನ್ನೇ ಹೇಳಿದರು.

‘ನೋಡ್ರಿ, ಎಷ್ಟ ಛಂದ ಮಾತಾಡ್ತಾರು! ಇನ್ನ ಚಿಂತಿಲ್ಲ ಬಿಡ್ರಿ’ ಎಂದು ಚಹಾ ಕುಡಿದು ಹೋದರು.

ನನಗೊಂದು ರೂಢಿ ಇದೆ. ಗೋಡೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದ ಮನೆಯೊಳಗೆ ಎಲ್ಲ ಬರೆದಿಡುತ್ತೇನೆ: ಸಿಲಿಂಡರ್ ಹಚ್ಚಿದ್ದು, ಎಮ್ಮೆ ಹಾಲು ಬಿಟ್ಟದ್ದು, ಗಿರಣಿಯ ಕಲ್ಲು ಕೊರೆಸಿದ್ದು. ಲಕ್ವಾ ಹೊಡೆದ ಮೇಲೆ ಆ ಮನೆಗಳು ಇವರಿಗೇ ಮೀಸಲಾದವು. ಗುಳಿಗೆ ಕೊಟ್ಟ ಗುರುತು, ಎಷ್ಟು ಹೆಜ್ಜೆ ನಡೆದರು, ಎಷ್ಟು ರೊಟ್ಟಿ ತಿಂದರು. ದಿನಾ ಮುಂಜಾನೆ ‘ಆರಾಮ?’ ಎಂದು ಕೇಳುತ್ತಿದ್ದೆ. ‘ಆರಾಮ’ ಅನ್ನುತ್ತಿದ್ದರು. ಮೂಲೆಯಲ್ಲಿ ‘ಆ’ ಎಂದು ಬರೆಯುತ್ತಿದ್ದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಇವರು ಗೋಡೆಗೆ ಮುಖ ಮಾಡಿ ಮಲಗತೊಡಗಿದರು. ಕೈಗೆ ವ್ಯಾಯಾಮ ಮಾಡಿಸಲು ಹೋದರೆ ಕಣ್ಣು ಮುಚ್ಚಿಬಿಡುವರು. ಗಡ್ಡ ಬೆಳೆಯಿತು. ಬಾಗಿಲಾಚೆ ಗಿರಣಿ ತಿರುಗಿದರೂ ಅತ್ತ ನೋಡಲಿಲ್ಲ. ನಾನೊಬ್ಬಳೇ ಬೀಸುತ್ತಿದ್ದೆ.

‘ಕುಂತ ಉಂಡ ರೂಢಿ ಬಿತ್ತು, ಮತ್ತೇನ!’ ಎಂದರು ಅತ್ತೆ. ‘ಆರಾಮ ಅದೇನಿ ಅಂತ ತಾನ ಬಾಯಿಲೆ ಹೇಳ್ತಾನ. ಸೊಕ್ಕ ಬೇ ಇದು, ಸೊಕ್ಕು.’

ನಾನು ಅಲ್ಲ ಅನ್ನಲಿಲ್ಲ. ಒಳಗೊಳಗೆ ನನಗೂ ಹಾಗೇ ಅನ್ನಿಸಿತ್ತು. ಅದನ್ನು ಇಲ್ಲಿ ಬರೆದುಬಿಡುವುದು ಒಳ್ಳೆಯದು.

ಬಿಪಿ ತೋರಿಸಲೆಂದು ನವಲಗುಂದಕ್ಕೆ ಕರೆದುಕೊಂಡು ಹೋದಾಗ ಅಲ್ಲೊಬ್ಬರು ಹೊಸ ಡಾಕ್ಟರಬಾಯಿ ಇದ್ದರು, ನಮ್ಮ ಕಡೆಯವರೇ. ‘ಆರಾಮ ಅದೀರೇನ್ರಿ?’ ಎಂದರು. ‘ಆರಾಮ’ ಎಂದರು ಇವರು. ಗುಳಿಗೆಯ ಲೆಕ್ಕ ನೆನಪಿರುವುದಿಲ್ಲವೆಂದು ನಾನು ಕ್ಯಾಲೆಂಡರನ್ನೇ ಮೊಳೆಯಿಂದ ಬಿಚ್ಚಿ ಸುರುಳಿ ಸುತ್ತಿ ತಂದಿದ್ದೆ. ಅವರು ಅದನ್ನು ಟೇಬಲ್ಲಿನ ಮೇಲೆ ಹಾಸಿಕೊಂಡು ತಿಂಗಳು ತಿಂಗಳು ತಿರುವಿ ಹಾಕಿದರು.

‘ಈ ಆ ಅಂದ್ರ ಏನ್ರಿ?’

‘ಆರಾಮ ಅಂತರಿ.’

‘ಜೂನಿನ್ಯಾಗ ಎರಡ ರೊಟ್ಟಿ, ಆ. ಆಗಸ್ಟಿನ್ಯಾಗ ಒಂದ, ಆ. ಈಗ ಕಾಲ ರೊಟ್ಟಿ, ಆ. ಆರಾಮ ಇದ್ದ ಮನಷ್ಯಾ ಕಾಲ ರೊಟ್ಟಿ ತಿಂತಾನೇನವ್ವಾ?’

ನಾನು ಬಗ್ಗಿ ನನ್ನದೇ ಅಕ್ಷರವನ್ನು ಮೊದಲಿನಿಂದ ಓದಿದೆ.

ಅವರು ಒಂದು ಹಾಳೆಯ ಮೇಲೆ ಮೂರು ಮುಖ ಬರೆದರು: ಒಂದು ನಗುವ ಮುಖ, ಒಂದು ಸುಮ್ಮನಿರುವ ಮುಖ, ಒಂದು ಅಳುವ ಮುಖ. ‘ಯಜಮಾನ್ರ, ಇವರೊಳಗ ನೀವು ಯಾರ್ರಿ? ಮಾತ ಬ್ಯಾಡ, ಬಟ್ಟ ಇಟ್ಟ ತೋರಸ್ರಿ’ ಎಂದರು. ಇವರು ಬಹಳ ಹೊತ್ತು ನೋಡಿದರು. ಎಡಗೈ ಎತ್ತಿ ಅಳುವ ಮುಖದ ಮೇಲೆ ಬೆರಳಿಟ್ಟರು. ತೆಗೆಯಲೇ ಇಲ್ಲ. ಹಾಳೆ ತೂತು ಬೀಳುವ ಹಾಗೆ ಒತ್ತಿ ಹಿಡಿದು ನನ್ನನ್ನು ನೋಡಿದರು. ಬಾಯಿ ಮಾತ್ರ ‘ಆರಾಮ, ಆರಾಮ’ ಅನ್ನುತ್ತಿತ್ತು.

‘ಇದು ಸೊಕ್ಕಲ್ಲ, ಜಡ್ಡು’ ಎಂದರು ಡಾಕ್ಟರಬಾಯಿ. ‘ಕಾಲುವಿ ಕಟ್ಟಿಕೊಂಡ್ರ ಮುಂದಿನ ಹೊಲ ಒಣಗತಾವಿಲ್ಲೋ, ಹಂಗ. ಮಿದುಳಿನ ಎಡಗಡೆ ರಕ್ತ ಹರಿಯೂದು ನಿಂತೈತಿ. ಮಾತಿನ ಹೊಲ ಒಣಗೇತಿ, ಬಲಗೈದೂ ಒಣಗೇತಿ. ಮನಸಿನ ಹುರುಪಿಗೂ ಅಲ್ಲಿಂದನ ನೀರ ಹೋಗತಿರ್ತೈತಿ. ಅದರ ಮ್ಯಾಲೆ ದುಡಿಯೂ ಕೈ ಹೋತಂತ ದುಃಖ ಬ್ಯಾರೆ. ಲಕ್ವಾ ಆದವರೊಳಗ ಭಾಳ ಮಂದಿಗೆ ಹಿಂಗ ಆಗತೈತಿ. ಔಷಧ ಐತಿ. ಕೆಲವು ವಾರ ಹಿಡೀತೈತಿ, ನಡುವ ಬಿಡಬ್ಯಾಡ್ರಿ. ಮಾತು ಕಲಿಸೂದೂ ಐತಿ. ಮತ್ತೊಂದ, ಇವರನ್ನ ಆರಾಮ ಅಂತ ಕೇಳೂದ ಬಿಡ್ರಿ. ಅದು ಉತ್ತರ ಅಲ್ಲ, ನಾಲಿಗಿಗೆ ಸಿಗೂದ ಅದೊಂದ.’

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಕೈ ಹಿಡಿದುಕೊಂಡಿದ್ದೆ. ಅಷ್ಟು ತಿಂಗಳು ಈ ಮನುಷ್ಯ ತನ್ನ ಬಾಯಿಯೊಳಗೇ ಸಿಕ್ಕಿಬಿದ್ದಿದ್ದ. ನಾನು ‘ಆ’ ಬರೆಯುತ್ತಿದ್ದೆ.

ಊರಿಗೆ ಬಂದವಳೇ ರಟ್ಟಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಗಿರಣಿಯ ಬಾಗಿಲಿಗೆ ಕಟ್ಟಿದೆ: ‘ಈ ಗಿರಣಿಯಲ್ಲಿ ಆರಾಮ ಕೇಳಬಾರದು.’ ಊರೇ ನಕ್ಕಿತು. ಜೋಳದ ಡಬ್ಬಿ ಹೊತ್ತು ಬಂದವರು ಬಾಯಿ ತೆರೆದು, ಬೋರ್ಡು ನೋಡಿ, ಬಾಯಿ ಮುಚ್ಚಿ ನಿಲ್ಲುವರು.

‘ಮತ್ತ ಏನ್ ಕೇಳೂಣ ಬೇ?’

‘ಏನರ ಕೇಳ. ಬಟ್ಟ ಮಾಡಿ ತೋರಸೂವಂಥಾದ್ದ ಕೇಳ.’

ಮೊದಲು ಕಲಿತವರು ಅತ್ತೆಯೇ. ಎರಡು ರೊಟ್ಟಿ ಮುಂದೆ ಹಿಡಿದು ‘ಯಾವುದು ಛಲೋ ಆಗೇತಿ ನೋಡಪಾ, ನಂದೋ ನಿನ್ನ ಹೇಣ್ತೀದೋ?’ ಎಂದರು. ಮಗ ಹೆಂಡತಿಯದನ್ನು ತೋರಿಸಿದ. ‘ಜಡ್ಡ ಖರೇ ಐತಿ ಬಿಡ’ ಎಂದರು ಅತ್ತೆ.

ಔಷಧ ಶುರುವಾಗಿ ಐದಾರು ವಾರವಾದ ಮೇಲೆ ಒಂದು ದಿನ ಇವರು ತಾವಾಗಿ ಎದ್ದು, ಗೋಡೆ ಹಿಡಿದು, ಗಿರಣಿಯ ಸ್ಟೂಲಿನ ಮೇಲೆ ಬಂದು ಕುಳಿತರು. ಎಡಗೈ ಚಾಚಿ ಹಿಟ್ಟು ತಿಕ್ಕಿದರು. ಎಡಗೈಗೆ ಆ ವಿದ್ಯೆ ತಿಳಿಯದು. ತಲೆ ಅಲ್ಲಾಡಿಸಿದರು, ಮತ್ತೆ ತಿಕ್ಕಿದರು. ಅವತ್ತಿನ ಮನೆಯಲ್ಲಿ ‘ಒಂದೂವರೆ ರೊಟ್ಟಿ’ ಎಂದು ಬರೆದು ಅಡಿಗೆರೆ ಎಳೆದೆ.

ಮಾತು ಮಾತ್ರ ಬರಲೊಲ್ಲದು. ದಿನಾ ಡಾಕ್ಟರಬಾಯಿ ಹೇಳಿಕೊಟ್ಟ ಹಾಗೆ ‘ಬೇಕು, ಬ್ಯಾಡ, ಐತಿ, ಇಲ್ಲ’ ಎಂದು ಅವರೆದುರು ಕುಳಿತು ಬಾಯಿ ತೆರೆದು ತೋರಿಸುತ್ತಿದ್ದೆ. ಅವರ ತುಟಿ ನಡುಗುತ್ತಿತ್ತು. ಬಂದದ್ದು ‘ಆರಾಮ’. ಮಾತಿನ ಈ ಬಾಗಿಲು ಮುಂದೆಂದೂ ತೆರೆಯದಿದ್ದರೆ? ಮತ್ತೆ ಗೋಡೆಯ ಕಡೆ ತಿರುಗಿದರೆ?

ಹಾಗಿರುವಾಗ ಕಲಘಟಗಿ ಕಡೆಯ ತಂಬೂರದಿಂದ ನನ್ನ ಸೋದರತ್ತೆ ಹೊಸ ಅಕ್ಕಿಯ ಚೀಲ ಹೊತ್ತು ಬಂದಳು. ಅವಳಿಗೆ ಓದಲು ಬಾರದು. ಬೋರ್ಡಿನ ಕೆಳಗೇ ನಿಂತು, ಗಿರಣಿಯ ಸದ್ದನ್ನು ಮೀರಿ ಕೂಗಿದಳು: ‘ಏನ್ ಅಳಿಯಂದ್ರ, ಆರಾಮ?’

ಸರದಿಯಲ್ಲಿ ನಿಂತ ಹೆಂಗಸರೆಲ್ಲ ‘ಅಯ್ಯ!’ ಎಂದರು. ನಾನು ಅವಳ ಬಾಯಿ ಮುಚ್ಚಲು ಓಡಿದೆ.

‘ಆರಾಮ...’ ಎಂದರು ಇವರು. ತುಟಿ ನಿಲ್ಲಲಿಲ್ಲ. ಕುತ್ತಿಗೆಯ ನರ ಉಬ್ಬಿತು. ‘ಆರಾಮ... ಇ... ಇಲ್ಲ.’

ನಾನು ಸ್ವಿಚ್ ಆರಿಸಿದೆ. ಬೆಲ್ಟು ತಿರುಗಿ ತಿರುಗಿ ನಿಂತಿತು.

‘ಏನಂದ್ರಿ?’

‘ಆರಾಮಿಲ್ಲ’ ಎಂದರು, ಈ ಸಲ ಒಂದೇ ಉಸಿರಿಗೆ, ಬೈಯುವ ಹಾಗೆ.

‘ಎಲ್ಲ್ರೀ? ಏನಾಗೈತ್ರಿ?’

ಹಿಟ್ಟಿನ ಎಡಗೈಯನ್ನು ಬಲಭುಜದ ಮೇಲೆ ಒತ್ತಿ ಹಿಡಿದರು. ಅಂಗಿಯ ಮೇಲೆ ಐದು ಬೆರಳು ಬೆಳ್ಳಗೆ ಮೂಡಿದವು. ಜೋತುಬಿದ್ದ ಕೈಯ ಭಾರಕ್ಕೆ ಆ ಭುಜ ಎಷ್ಟು ತಿಂಗಳಿಂದ ನೋಯುತ್ತಿತ್ತೋ. ನಾವೆಲ್ಲ ಆರಾಮ ಎಂದುಕೊಂಡು ಅದೇ ಕೈ ಹಿಡಿದು ಎಬ್ಬಿಸುತ್ತಿದ್ದೆವು.

ಸಕ್ಕರೆ ಡಬ್ಬಿ ತಂದೆ. ಮನೆಯೊಳಗಿದ್ದ ಅತ್ತೆಯ ಬಾಯಿಗೆ ಒಂದು ಮುಷ್ಟಿ ಹಾಕಿದೆ, ಸರದಿಯವರಿಗೆ ಹಾಕಿದೆ, ಓಣಿಗೆ ಓಡಿದೆ. ಏನು ಶುಭ ಎಂದು ಕೇಳಿದವರಿಗೆಲ್ಲ ‘ಅವರಿಗೆ ಆರಾಮಿಲ್ಲಂತ!’ ಎಂದು ನಗುತ್ತ ಹೇಳಿದೆ.

ಸೋದರತ್ತೆ ಅಕ್ಕಿಯ ಚೀಲದ ಮೇಲೆ ಕುಸಿದು ಕುಳಿತಿದ್ದಳು. ‘ಆರಾಮಿಲ್ಲಂದ್ರ ಸಕ್ಕರಿ ಹಂಚತೀರಿ. ಆರಾಮ ಅದೇನಿ ಅಂದ್ರ ಬೋರ್ಯಾಡಿ ಅಳ್ತೀರೇನ್ ಬೇ ಈ ಊರಾಗ?’

ಸ್ಟೂಲಿನ ಮೇಲೆ ಕುಳಿತವರು ನಕ್ಕರು. ಬಾಯಿಯ ಒಂದೇ ಬದಿ ನಕ್ಕಿತು, ಸಾಕಾಯಿತು.

ಅಂದು ಎಣ್ಣೆ ಬಿಸಿ ಮಾಡಿ ಭುಜಕ್ಕೆ ಮೆಲ್ಲಗೆ ಸವರಿ, ಕ್ಯಾಲೆಂಡರಿನ ಮುಂದೆ ನಿಂತೆ. ‘ಆರಾಮಿಲ್ಲ. ಬಲಭುಜ. ಡಾಕ್ಟರಬಾಯಿಗೆ ಹೇಳಬೇಕು. ರೊಟ್ಟಿ ಎರಡು’ ಎಂದು ಪೂರ್ತಿ ಬರೆದೆ. ಆ ದಿನದ ಮನೆ ಸಾಲಲಿಲ್ಲ. ಕೊನೆಯ ರೊಟ್ಟಿ ಎರಡೂ ಮರುದಿನದ ಮನೆಗೆ ಹರಿದು ಹೋದವು.