ಆಷಾಢದ ಅರಿಶಿನ ಕಲೆ

ಮೊನ್ನೆ ಉಡಿಗಾಲದ ತವರಿಗೆ ಹೋದಾಗ ಅಣ್ಣ ಅರಿಶಿನ ಬೇಯಿಸುತ್ತಿದ್ದ. ಆ ಹಬೆ ಮುಖಕ್ಕೆ ಹೊಡೆದದ್ದೇ ತಡ, ನಮ್ಮ ಬಯಾಲಜಿ ಮೇಡಂ ಪಕ್ಕದಲ್ಲೇ ಬಂದು ಕೂತಂತಾಯಿತು... ಅತ್ತಿಗೆ ಕೊಟ್ಟ ಕಾಫಿ ಕುಡಿಯಲಾಗಲಿಲ್ಲ.

ಗುಂಡ್ಲುಪೇಟೆಯ ಕಾಲೇಜಿನಲ್ಲಿ ಅವರು ಪಾಠ ಮಾಡುತ್ತಿದ್ದರು, ನಾನು ಪಿಯುಸಿ ಓದುತ್ತಿದ್ದೆ. ಇಬ್ಬರಿಗೂ ಚಾಮರಾಜನಗರದಿಂದ ಬರುವ ಒಂದೇ ಬಸ್ಸು. ಅವರ ಗಂಡನ ಮನೆಯಲ್ಲೂ ಅರಿಶಿನದ ಬೆಳೆ, ಹಾಗಾಗಿ ಮಾತು ಬೇಗ ಕೂಡಿತು. ಬಸ್ಸಲ್ಲಿ ನನಗೆ ಸೀಟು ಹಿಡಿದಿಟ್ಟು, ಕ್ಲಾಸಲ್ಲಿ ನನ್ನನ್ನೇ ಮೊದಲು ಎಬ್ಬಿಸಿ ಪ್ರಶ್ನೆ ಕೇಳುವ ಪೈಕಿ ಅವರು.

ನ್ಯಾಚುರಲ್ ಕಿಲ್ಲರ್ ಕೋಶಗಳ ಪಾಠ ಇನ್ನೂ ಕಿವಿಯಲ್ಲಿದೆ. “ರಕ್ತದಲ್ಲಿ ತಿರುಗೋ ಈ ಕೋಶ ಮನೆ ನಾಯಿ ಇದ್ದಂಗೆ. ಎದುರು ಸಿಕ್ಕಿದ್ದನ್ನೆಲ್ಲ ಮೂಸಿ ನೋಡ್ತದೆ. ನಮ್ಮೋರ ಗುರುತು ಸಿಕ್ತಾ, ಅದರ ಮೈಮೇಲಿರೋ ತಡೆ ಗ್ರಾಹಕ, ಅಂದ್ರೆ ರಿಸೆಪ್ಟರ್ರು, ‘ಬುಡು, ನಮ್ಮೋರು’ ಅಂತದೆ. ಗುರುತು ಕಳಕೊಂಡಿದ್ದನ್ನ ಕೊಲ್ತದೆ.” ಹಾಗಾದರೆ ಕ್ಯಾನ್ಸರ್ ಹೇಗೆ ಬರುತ್ತೆ ಎಂದು ಕೇಳಿದವಳು ನಾನೇ. “ಕೆಲವು ಕ್ಯಾನ್ಸರ್ ಕೋಶ ಆ ಗುರುತು ಉಳಿಸ್ಕೊಂಡೇ ಇರ್ತವೆ ಕಣಮ್ಮಿ. ನಾಯಿ ಸುಮ್ನಾಗ್ಬುಡ್ತದೆ.”

ಆ ವರ್ಷದ ಆಷಾಢದಲ್ಲಿ ಅವರ ರವಿಕೆಯ ಎಡಗಂಕುಳಲ್ಲಿ ಹಳದಿ ಕಲೆ ಕಂಡೆ. ಬಸ್ಸಿನ ಕಂಬಿ ಹಿಡಿಯಲು ಕೈ ಎತ್ತಿದವರು ಹಲ್ಲು ಕಚ್ಚಿ ಇಳಿಸಿಕೊಂಡರು. ಏನಾಯ್ತು ಮೇಡಂ ಅಂದೆ.

“ಮನೇಲಿ ಅರಿಶಿನ ಬೇಯಿಸ್ತಾವ್ರೆ ಕಣಮ್ಮಿ, ಬಟ್ಟೆಗೆಲ್ಲ ಹತ್ಬುಟ್ಟದೆ.”

ಅರಿಶಿನ ಬೇಯಿಸುವುದು ಸಂಕ್ರಾಂತಿಯ ನಂತರ, ಕಿತ್ತ ಮೇಲೆ. ಆಷಾಢದಲ್ಲಿ ಅದಿನ್ನೂ ಹೊಲದಲ್ಲಿ ಎಲೆ ಬಿಡುತ್ತಿರುತ್ತದೆ. ಅರಿಶಿನದ ಮನೆಯಲ್ಲಿ ಹುಟ್ಟಿದವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಮೇಡಂ ಎಂದಿನಂತೆ ನಗುತ್ತಿದ್ದರು, ಮುಡಿಯಲ್ಲಿ ಮಲ್ಲಿಗೆ ಇತ್ತು... ಕೆದಕಲು ಸಂಕೋಚವಾಗಿ ಹೂಂ ಅಂದುಬಿಟ್ಟೆ. ಮನೆಯಲ್ಲೂ ಬಾಯಿಬಿಡಲಿಲ್ಲ.

ಕಂಕುಳಲ್ಲಿ ಎದ್ದಿದ್ದ ಗಂಟಿನ ಮೇಲೆ ಅರಿಶಿನ ಅರೆದು ಕಟ್ಟಿಕೊಳ್ಳುತ್ತಿದ್ದರಂತೆ, ಗಂಡನಿಗೂ ಹೇಳದೆ. ದೀಪಾವಳಿ ಹೊತ್ತಿಗೆ ಆಸ್ಪತ್ರೆಗೆ ಸೇರಿಸಿದರು. ಕ್ಯಾನ್ಸರ್, ಕೈಮೀರಿತ್ತು. ಸಂಕ್ರಾಂತಿಗೆ ಅವರಿರಲಿಲ್ಲ. ಅಷ್ಟು ಓದಿದವರು ಯಾಕೆ ಹಾಗೆ ಮುಚ್ಚಿಟ್ಟರೋ... ಹೆದರಿದ್ದರೇನೋ. ಅವರ ಮೇಲೆ ಈಗಲೂ ಸಿಟ್ಟು ಬರುತ್ತದೆ, ಅದರ ಹಿಂದೆಯೇ ಅಳು.

ಈಗ ಅದೇ ಪಾಠ ನಾನು ಮಾಡುತ್ತೇನೆ. ಈ ವಾರ ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು, “ಕ್ಯಾನ್ಸರನ್ನ ಸುಮ್ನೆ ಬುಟ್ಬುಟ್ಟಿದ್ದು ಆ ಕೋಶದ ತಪ್ಪಲ್ವಾ ಮೇಡಂ?”

“ಇಲ್ಲಮ್ಮ, ಅದಕ್ಕೆ ಗೊತ್ತಾಗಲ್ಲ,” ಅಂದೆ.

ಬೋರ್ಡಿನ ಕಡೆ ತಿರುಗಿ ನಿಂತೆ. ನನಗೆ ಗೊತ್ತಾಗಿತ್ತು.