ಬಾಗಿಲ ಕೆಳಗಿನ ಬೆಳಕು

ಸಿನಿಮಾದವರು ನಮ್ಮ ವಿಜಯನಗರದ ಮನೆಯನ್ನು ಕೇಳಿಕೊಂಡು ಬಂದಾಗ ಬೇಡ ಎನ್ನುವುದಕ್ಕೂ ನನಗೆ ತ್ರಾಣವಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಮಾತು. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಮನೆಯಲ್ಲಿ ನಾನು, ನಮ್ಮತ್ತೆ, ಇಬ್ಬರೇ. ರಾಜಾಜಿನಗರದ ಹೈಸ್ಕೂಲಿನಲ್ಲಿ ದಿನವಿಡೀ ಪಾಠ ಮಾಡಿ, ಬಸ್ಸಿನಲ್ಲಿ ನಿಂತು ಬರುವಷ್ಟರಲ್ಲಿ ಮಾತಾಡಲೂ ಬೇಸರವಾಗುತ್ತಿತ್ತು. ದಸರಾ ರಜೆಯಲ್ಲಿ ನಾಲ್ಕು ದಿನ ಮಲಗಿಬಿಡೋಣ ಎಂದುಕೊಂಡಿದ್ದೆ. ಆ ನಾಲ್ಕು ದಿನವೇ ಅವರಿಗೆ ಬೇಕಾಗಿತ್ತು.

"ಎಷ್ಟು ಮನೆ ನೋಡಿದ್ವಿ ಮೇಡಂ, ಇಷ್ಟು ಒಂಟಿಯಾಗಿರೋ ಮನೆ ಸಿಗಲಿಲ್ಲ," ಎಂದರು ನಿರ್ದೇಶಕರು, ಹೊಗಳುವ ದನಿಯಲ್ಲಿ.

ಎರಡೂ ಕಡೆ ಖಾಲಿ ಸೈಟು, ಹಿಂದೆ ಅತ್ತಿಗುಪ್ಪೆಯವರೆಗೂ ರಾಗಿ ಹೊಲ. ಅದು ಒಂಟಿ ಮನೆ ಎಂದು ನನಗೆ ಅದುವರೆಗೆ ಹೊಳೆದೇ ಇರಲಿಲ್ಲ. ಅತ್ತೆ ಮಾತ್ರ ಹಿಗ್ಗಿ, "ಬರಲಿ ಬಿಡೇ, ನಾಲ್ಕು ಜನ ಓಡಾಡಿದ್ರೆ ಮನೇಗೂ ಲಕ್ಷಣ," ಎಂದರು.

ಅದು ಕಪ್ಪು ಬಿಳುಪಿನ ಕೊಲೆಯ ಕಥೆ. ಕಥೆಯ ತುಂಬ ರಾತ್ರಿ, ಶೂಟಿಂಗ್ ಎಲ್ಲ ಹಗಲು. ಬೆಳಿಗ್ಗೆ ಬಂದವರೇ ಕಿಟಕಿಗಳಿಗೆಲ್ಲ ಕರಿ ಕಂಬಳಿ ಹೊಡೆದರು. ಹೊರಗೆ ಸುಡುಬಿಸಿಲು, ಒಳಗೆ ಕಗ್ಗತ್ತಲು. ದೀಪದ ಕಿರಣ ಗಾಳಿಯಲ್ಲಿ ಎದ್ದು ಕಾಣಲಿ ಎಂದು ಸಾಂಬ್ರಾಣಿ ಹೊಗೆ ಹಾಕಿದರು. ಕೋಣೆಯಲ್ಲಿ ಮಲಗಿದ್ದ ಅತ್ತೆ ಎದ್ದು ಬಂದು, "ದೀಪ ಹಚ್ಚೋ ಹೊತ್ತಾಯ್ತೇನೇ? ಇವತ್ತು ಶುಕ್ರವಾರಾನಾ?" ಎಂದು ಕೇಳಿದರು. ಆಗ ಮಧ್ಯಾಹ್ನ ಒಂದು ಗಂಟೆ.

ಕ್ಯಾಮೆರಾಮನ್ ಐವತ್ತು ದಾಟಿದವರು. ಮಾತು ಕಮ್ಮಿ. ದೀಪಗಳ ಝಳಕ್ಕೆ ಕಣ್ಣು ಕೆಂಪಾಗಿ ಸದಾ ಒದ್ದೆ ಕರವಸ್ತ್ರ ಒತ್ತಿಕೊಳ್ಳುತ್ತಿದ್ದರು. ಮೂರನೆಯ ದಿನ ಅವರಿಗೂ ನಿರ್ದೇಶಕರಿಗೂ ಮಾತು ಬೆಳೆಯಿತು. ನಾಯಕಿ ಕೆಲಸದಿಂದ ಬರುತ್ತಾಳೆ, ಬೀಗ ತೆಗೆಯುತ್ತಾಳೆ, ಒಳಗೆ ಕೊಲೆಗಾರ ಕಾದಿದ್ದಾನೆ. ಅವನ ಮುಖ, ಕೈಯಲ್ಲಿನ ಚಾಕು ಎಲ್ಲ ಚೆನ್ನಾಗಿ ಕಾಣಬೇಕು ಎಂದು ನಿರ್ದೇಶಕರ ಹಟ.

"ಅವನನ್ನ ತೋರಿಸಿಬಿಟ್ರೆ ಆಮೇಲೆ ಹೆದರೋದಕ್ಕೆ ಏನಿರುತ್ತೆ ಸಾರ್?" ಎಂದ ಕ್ಯಾಮೆರಾಮನ್ ಸುತ್ತ ನೋಡಿದರು. ಮೆಟ್ಟಿಲ ಮೇಲೆ ಕುಳಿತಿದ್ದ ನನ್ನ ಕಡೆ ತಿರುಗಿ, "ನೀವು ಹೇಳಿ ಅಮ್ಮ. ಸಂಜೆ ಒಬ್ರೇ ಬಂದು ಬೀಗ ತೆಗೀವಾಗ ಕತ್ತಲೆ ನೋಡಿ ಭಯ ಆಗುತ್ತಾ?" ಎಂದರು.

ಅತ್ತೆ ತಮ್ಮ ಮಗಳ ಮನೆಗೆ ಹೋದಾಗಿನ ಸಂಜೆಗಳು ನೆನಪಾದವು. "ಕತ್ತಲೆ ಅಭ್ಯಾಸ ಆಗಿದೆ," ಎಂದೆ. "ನಾನು ಆರಿಸಿ ಹೋದ ದೀಪ ಉರೀತಾ ಇದ್ರೆ ಭಯ ಆಗುತ್ತೆ."

ಅವರು ಹಜಾರದ ಕೊನೆಯವರೆಗೂ ನಡೆದು ಹೋಗಿ ಬಂದರು. ಆಮೇಲೆ ದೀಪಗಳನ್ನು ಒಂದೊಂದಾಗಿ ಆರಿಸಲು ಹೇಳಿದರು. ಕಿಟಕಿಯ ಸರಳುಗಳ ನೆರಳು ಗೋಡೆಯ ಮೇಲೆ ಓರೆಯಾಗಿ ಬೀಳುವಷ್ಟು ಮಸುಕು ಬೆಳಕನ್ನು ಮಾತ್ರ ಉಳಿಸಿಕೊಂಡರು. ಒಂದು ದೊಡ್ಡ ದೀಪವನ್ನು ಹಜಾರದ ಕೊನೆಯ ಕೋಣೆಯೊಳಗಿಟ್ಟು ಬಾಗಿಲು ಮುಚ್ಚಿಸಿದರು. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಒಂದು ಗೆರೆ ಮೂಡಿತು. ನಮ್ಮದೇ ಹಜಾರ, ದಿನಾ ಗುಡಿಸುವ ನೆಲ. ಯಾರದೋ ಮನೆಗೆ ಬಂದಂತಾಯಿತು.

ಅದು ನನ್ನ ಗಂಡನ ಕೋಣೆ. ಅವರ ಅಂಗಿಗಳು ಇನ್ನೂ ಗೂಟದಲ್ಲಿದ್ದವು. ಅವರು ಅಲ್ಲಿ ರಾತ್ರಿ ಓದುತ್ತ ಕೂತಿದ್ದರೆ ಹೀಗೇ ಗೆರೆ ಕಾಣುತ್ತಿತ್ತು.

ಕ್ಯಾಮೆರಾ ತಿರುಗತೊಡಗಿತು. ನಾಯಕಿ ಒಳಗೆ ಬಂದು ನಿಂತಳು. ಕೋಣೆಯೊಳಗೆ ಯಾರೋ ಬಾಗಿಲ ಹತ್ತಿರ ಸರಿದರು. ಬೆಳಕಿನ ಗೆರೆಯ ನಡುವೆ ಎರಡು ಪಾದಗಳ ನೆರಳು ಬಂದು ನಿಂತಿತು. ನನಗೆ ಗೊತ್ತಿತ್ತು, ಅದು ಚಾಕು ಹಿಡಿದ ನಟ, ಬೆಳಿಗ್ಗೆ ನಮ್ಮನೆಯಲ್ಲೇ ಉಪ್ಪಿಟ್ಟು ತಿಂದವನು. ಗೊತ್ತಿದ್ದೂ ಎದ್ದೆ. ಕೈ ಮುಂದೆ ಚಾಚಿಕೊಂಡು, ಮಲಗಿದವರನ್ನು ಎಬ್ಬಿಸಬಾರದೆಂಬಂತೆ ಹೆಜ್ಜೆಯಿಡುತ್ತ ಕ್ಯಾಮೆರಾದ ಮುಂದೆಯೇ ಹಾದು ಆ ಬಾಗಿಲ ಹತ್ತಿರ ಹೋದೆ.

"ಕಟ್! ಯಾರ್ರೀ ಅದು?" ನಿರ್ದೇಶಕರು ಕೂಗಿದರು.

ಬಾಗಿಲ ಚಿಲಕ ಹಿಡಿದು ನಿಂತುಬಿಟ್ಟಿದ್ದೆ. ಕ್ಯಾಮೆರಾಮನ್ ಬಂದು ಮೆಲ್ಲಗೆ ಕೇಳಿದರು, "ಯಾರ ಕೋಣೆ ಅಮ್ಮ ಇದು?"

"ನಮ್ಮ ಯಜಮಾನರದು."

"ಮೊದಲೇ ಹೇಳಬಾರದಿತ್ತಾ? ಬೇರೆ ಕೋಣೆ ತಗೋತಿದ್ವಿ."

"ಹೇಳೋದಕ್ಕೂ ಸುಸ್ತಾಗಿತ್ತು ಸಾರ್," ಎಂದೆ. ಬೇರೆ ಕಾರಣವೇನೂ ಇರಲಿಲ್ಲ.

ನಾಯಕಿ ನನಗೆ ನೀರು ತಂದುಕೊಟ್ಟಳು. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ. ನನ್ನನ್ನೇ ನೋಡುತ್ತಿದ್ದವಳು, "ಅಕ್ಕ, ನೀವು ನಡೆದ ಹಾಗೇ ನಾನೂ ನಡೀಲಾ? ಬೇಜಾರಿಲ್ಲ ತಾನೇ?" ಎಂದಳು. ನಾನು ತಲೆಯಾಡಿಸಿ ಹಿತ್ತಲಿಗೆ ಹೋಗಿ ಬಿಸಿಲಲ್ಲಿ ಕುಳಿತೆ.

ಕೆಲವು ತಿಂಗಳಾದ ಮೇಲೆ ಚಿತ್ರ ಬಂತು. ಅತ್ತೆಯ ಬಲವಂತಕ್ಕೆ ಮ್ಯಾಟಿನಿಗೆ ಹೋದೆವು. ಅರ್ಧಕ್ಕರ್ಧ ಕುರ್ಚಿ ಖಾಲಿ. ಮುಂದಿನ ಸಾಲಿನಲ್ಲಿ ಕೆಲವರು ಎಲ್ಲದಕ್ಕೂ ಸಿಳ್ಳೆ ಹಾಕುತ್ತಿದ್ದರು. ಆ ಗೆರೆ ಕಾಣಿಸಿದ್ದೇ ತಡ, ಸಿಳ್ಳೆ ನಿಂತಿತು. ಪಾದಗಳ ನೆರಳು ಬಂತು. ನಾಯಕಿ ಕೈ ಚಾಚಿಕೊಂಡು ನನ್ನ ನಡಿಗೆಯಲ್ಲೇ ಹೊರಟಳು. ಅವಳು ಭಯದಿಂದ ಹಾಗೆ ನಡೆಯುತ್ತಿದ್ದಾಳೆಂದೇ ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಅತ್ತೆ ನನ್ನ ಕೈ ಅದುಮಿ, "ತೆಗೀಬೇಡ ಕಣೇ, ತೆಗೀಬೇಡ," ಎಂದು ಪರದೆಗೆ ಹೇಳುತ್ತಿದ್ದರು. ಇಡೀ ಥಿಯೇಟರಿನಲ್ಲಿ ಅವಳು ಬಾಗಿಲು ತೆಗೆಯಲಿ ಎಂದುಕೊಂಡವಳು ನಾನೊಬ್ಬಳೇ ಇರಬೇಕು.

ತೆಗೆದಳು. ಚಾಕು, ಚೀರಾಟ, ಪೊಲೀಸರು. ಮುಂದಿನದು ನನಗೆ ನೆನಪಿಲ್ಲ.

ಬಸ್ಸಿನಲ್ಲಿ ಅತ್ತೆ, "ಆ ಕೋಣೇಲಿ ಗಾಳಿ ಚೆನ್ನಾಗಿ ಬರುತ್ತೆ. ನನ್ನ ಮಂಚ ಅಲ್ಲಿಗೆ ಹಾಕಿಬಿಡು," ಎಂದರು. ಮಗನ ಹೆಸರೆತ್ತಲಿಲ್ಲ.

ಮುಂದಿನ ಭಾನುವಾರ ಅಂಗಿಗಳನ್ನೆಲ್ಲ ತೆಗೆದು ಮಡಿಸಿದೆ. ಎರಡನ್ನು ಇಟ್ಟುಕೊಂಡು ಉಳಿದವನ್ನು ಸೋಮವಾರ ಶಾಲೆಯ ಜವಾನನಿಗೆ ಕೊಟ್ಟೆ. ಅವನು ಮಾರನೆಯ ದಿನವೇ ನೀಲಿ ಗೀರಿನದನ್ನು ತೊಟ್ಟು ಬಂದ. ಭುಜ ಸ್ವಲ್ಪ ಸಡಿಲವಾಗಿತ್ತು. ಗಂಟೆ ಹೊಡೆಯಿತು, ನಾನು ಹಾಜರಿ ಪುಸ್ತಕ ತೆಗೆದುಕೊಂಡು ಒಂಬತ್ತನೆಯ ತರಗತಿಗೆ ಹೋದೆ.